ತೊಳೆದು ಕೊಟ್ಟ ಕಂಪ್ಯೂಟರ್

ನನ್ನ ಹೆಂಡತಿ ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ ಅವಳ ತಾಯಿ ಮೊರಬದಿಂದ ಫೋನ್ ಮಾಡಿದರು. ಊಟ ಆಯಿತೇ ಎಂದು ಕೇಳಿದರು. ಆಮೇಲೆ, "ಅಕಿ ದನಿ ಎಲ್ಲೆರ ಇದ್ರ ಒಮ್ಮಿ ಕೇಳಸ್ರಿ. ಮಾರಿ ಫೋಟೋದಾಗ ಐತಿ. ದನಿ ಮರ್ತು ಹೊಂಟೈತಿ ನನಗ" ಎಂದರು.

ನೋಡುತ್ತೇನೆ ಅತ್ತಿ ಎಂದೆ. ಸಂಶಿಯಲ್ಲಿ ಹದಿನಾಲ್ಕು ವರ್ಷದಿಂದ ಫೋಟೋ ಸ್ಟುಡಿಯೊ ನಡೆಸುವವನು ನಾನು. ಊರೂರಿನ ಮದುವೆ, ತೊಟ್ಟಿಲು, ಗೃಹಪ್ರವೇಶ ಹಿಡಿದವನ ಮನೆಯಲ್ಲಿ ಹೆಂಡತಿಯ ದನಿ ಇಲ್ಲದೆ ಇರುತ್ತದೆಯೇ ಎಂದುಕೊಂಡೆ. ಹುಡುಕಲು ಕುಳಿತ ಮೇಲೆ ಗೊತ್ತಾಯಿತು. ಇರಲಿಲ್ಲ.

ಮದುವೆಯ ವಿಡಿಯೊದಲ್ಲಿ ಮಾತು ಉಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಅಕ್ಕಿಕಾಳು ಬೀಳುವಾಗ, ಊಟದ ಪಂಕ್ತಿಯಲ್ಲಿ, ಹೆಣ್ಣನ್ನು ಕಳಿಸುವಾಗ ಜನ ಆಡಿದ್ದನ್ನೆಲ್ಲ ತೆಗೆದುಹಾಕಿ ಮೇಲೆ ಹಾಡು ಕೂರಿಸುತ್ತೇವೆ. ಜನರಿಗೂ ಅದೇ ಬೇಕು. ನಾನು ಕ್ಯಾಮೆರಾ ಹಿಡಿಯುತ್ತಿದ್ದೆ, ಅವಳು ಅಂಗಡಿಯಲ್ಲಿ ಕುಳಿತು ಕತ್ತರಿಸಿ ಜೋಡಿಸುತ್ತಿದ್ದಳು. ನಮ್ಮ ಮದುವೆಯ ವಿಡಿಯೊ ಮಾಡಿದವರೂ ಹಾಗೆಯೇ ಮಾಡಿದ್ದರು. ಅದರಲ್ಲಿ ಅವಳು ತನ್ನ ತಾಯಿಗೆ ಏನೋ ಹೇಳುತ್ತಾಳೆ. ತುಟಿ ಅಲುಗುತ್ತದೆ, ಹಾಡು ಕೇಳುತ್ತದೆ. ಇಡೀ ದಿನ ಒಂದೇ ಅಂಗಡಿಯಲ್ಲಿ ಇರುವ ಗಂಡ ಹೆಂಡತಿ ಫೋನಿನಲ್ಲಿ ದನಿ ಕಳಿಸಿಕೊಳ್ಳುವುದೂ ಇಲ್ಲ. ಅವಳ ಫೋನಿಗೆ ಯಾವ ಅಂಕಿಯ ಬೀಗ ಹಾಕಿದ್ದಳೋ ನನಗೆ ತಿಳಿದಿರಲಿಲ್ಲ. ತೋಚಿದ ಅಂಕಿಗಳನ್ನೆಲ್ಲ ಒತ್ತಿದೆ. ಕೊನೆಗೆ ಅದು ಪೂರ್ತಿ ಮುಚ್ಚಿಕೊಂಡಿತು.

ಉಳಿದದ್ದು ಒಂದು ಬೆರಳುದ್ದದ ರೆಕಾರ್ಡರ್. ಭಜನಾ ಮಂಡಳಿಯವರ ಹಾಡು ಹಿಡಿಯಲೆಂದು ಹಿಂದೆ ಹುಬ್ಬಳ್ಳಿಯ ಪೇಟೆಯಲ್ಲಿ ಕೊಂಡಿದ್ದೆ. ಕಂಪನಿಯ ಹೆಸರು ಕೂಡ ಇಲ್ಲದ ಮಾಲು. ಅದರಲ್ಲಿ ಹಿಡಿದದ್ದು ಅದರಲ್ಲಿಯೇ ಕೇಳಬೇಕು, ಕಂಪ್ಯೂಟರಿಗೆ ಹಾಕಿದರೆ ಯಾವ ಪ್ಲೇಯರೂ ಆ ಫೈಲನ್ನು ತೆರೆಯುತ್ತಿರಲಿಲ್ಲ. ನಾನು ಅದನ್ನು ಮೂಲೆಗೆ ಒಗೆದಿದ್ದೆ. ಅವಳು ಎತ್ತಿಕೊಂಡಳು. ಡಿಪ್ಲೊಮಾ ಓದಿದವಳು. ನಾನು ಪಿಯುಸಿಗೇ ನಿಲ್ಲಿಸಿದವನು. ಹಾಡು ಮತ್ತು ವಿಡಿಯೊಗಳನ್ನು ಒಂದು ನಮೂನೆಯಿಂದ ಇನ್ನೊಂದಕ್ಕೆ ಬದಲಿಸುವ ಸಾಫ್ಟ್‌ವೇರ್ ಒಂದಿದೆ, ಅದನ್ನು ಬರೆದವರು ಒಳಗಿನ ಸೋರ್ಸ್ ಕೋಡನ್ನೆಲ್ಲ ಬಿಚ್ಚಿಟ್ಟಿದ್ದಾರೆ, ಯಾರು ಬೇಕಾದರೂ ಓದಿ ತಿದ್ದಿ ತಮ್ಮ ಯಂತ್ರದಲ್ಲಿ ಹೊಸದಾಗಿ ಕಟ್ಟಿಕೊಳ್ಳಬಹುದು ಎಂದು ಅವಳಿಂದಲೇ ಕೇಳಿದೆ.

"ಸಿದ್ಧ ಇದ್ದದ್ದ ಇಳಿಸಿಕೊಂಡ್ರ ಆಗೂದಿಲ್ಲೇನು? ಎದಕ್ಕ ಇಷ್ಟ ತ್ರಾಸ?" ಎಂದು ಕೇಳಿದ್ದೆ.

"ಅಂಗಡ್ಯಾಗಿನ ಹಿಟ್ಟು ತಂದು ರೊಟ್ಟಿ ಮಾಡಿದ್ರ ನೀವ ಮಾರಿ ತಿರಗಸ್ತೀರಿ. ಜ್ವಾಳ ತಂದು ಬೀಸಿಕೊಂಡ್ರ ನಮಗ ಬೇಕಾದಂಗ ಆಗ್ತೈತಿ. ಇದೂ ಹಂಗs ರೀ" ಎಂದಿದ್ದಳು.

ಆ ರೆಕಾರ್ಡರ್ ಪ್ರತಿ ಫೈಲಿನ ಆರಂಭದಲ್ಲಿ ಏನೋ ತಪ್ಪು ಲೆಕ್ಕ ಬರೆಯುತ್ತಿತ್ತಂತೆ. ಅದನ್ನು ದಾಟಿ ಮುಂದೆ ಓದುವ ಹಾಗೆ ಅವಳು ಮೂವತ್ತು ನಲವತ್ತು ಸಾಲಿನ ತಿದ್ದುಪಡಿ ಬರೆದಳು. ಅಂಗಡಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಕಟ್ಟಿ ಓಡಿಸಿದಳು. ನಂತರ ನಾನು ಬಳಸುವ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಅದೇ ಬೇಕು ಎಂದು ಹಟ ಹಿಡಿದಳು. ಅಲ್ಲಿ ಅದು ಸುಲಭಕ್ಕೆ ಆಗಲಿಲ್ಲ. ಅದೇ ಸೋರ್ಸ್ ಇದೆಯಲ್ಲ, ಇಲ್ಲೇಕೆ ಆಗುವುದಿಲ್ಲ ಎಂದು ನಾನು ಕೇಳಿದರೆ, "ಬೀಜ ಒಂದs. ಕರೀ ಎರಿ ಹೊಲಕ್ಕ ಬಿತ್ತೂದು ಬ್ಯಾರೆ, ಕೆಂಪು ಮಸಾರಿಗೆ ಬಿತ್ತೂದು ಬ್ಯಾರೆ" ಎನ್ನುತ್ತಿದ್ದಳು. ಪ್ರತಿ ಸಲ ಕಟ್ಟಿದ ಮೇಲೆ ಸರಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷೆಯ ಫೈಲ್ ಬೇಕಲ್ಲ. ಅದಕ್ಕಾಗಿ ರೆಕಾರ್ಡರಿನ ಎದುರು ಕುಳಿತು ಒಂದರಿಂದ ಅರವತ್ತರವರೆಗೆ ಎಣಿಸುತ್ತಿದ್ದಳು. ನಡುವೆ ಒಂದು ಅಂಕಿ ತಪ್ಪಿದರೂ ಎಲ್ಲಿ ದನಿ ಕಳೆಯಿತೆಂದು ಕೂಡಲೇ ತಿಳಿಯುತ್ತದೆ.

ಅವಳು ಮೂರು ದಿನದ ಜ್ವರದಲ್ಲಿ ಹೋದಳು. ಅದನ್ನು ಇಲ್ಲಿ ಬರೆಯಲಾರೆ.

ತೀರಿದವರಿಗಾಗಿ ಮಾಡುವ ಶಿವಗಣಾರಾಧನೆಯಾದ ಮೇಲೆ ಅವಳ ಸೀರೆಗಳನ್ನು ಕೊಟ್ಟೆವು. ಅವಳು ಕೂರುತ್ತಿದ್ದ ಕಂಪ್ಯೂಟರನ್ನು ದಿನವೂ ನೋಡುವುದು ನನ್ನಿಂದ ಆಗಲಿಲ್ಲ. ಊರ ಶಾಲೆಗೆ ಕೊಡೋಣವೆನಿಸಿತು. ನಮ್ಮ ಮನೆಗಳಲ್ಲಿ ತಂಬಿಗೆ ದಾನ ಕೊಟ್ಟರೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಕೊಡುತ್ತಾರೆ. ಕೊಡುವ ಪಾತ್ರೆಗೆ ನಮ್ಮ ಅಡುಗೆಯ ಜಿಡ್ಡು ಅಂಟಿರಬಾರದು. ಕಂಪ್ಯೂಟರ್ ಒಯ್ಯಲು ಬಂದ ಮಾಸ್ತರರು ಒಳ್ಳೆಯ ಮನುಷ್ಯರು, ಬಾಗಿಲಲ್ಲಿ ನಿಂತು ಕೇಳಿದರು.

"ಒಳಗ ನಿಮಗ ಬೇಕಾದ್ದ ಏನರ ಐತೇನ್ರಿ? ಇದ್ರ ಮೊದಲ ತಗದಿಟ್ಕೋರಿ."

"ಏನೂ ಬ್ಯಾಡ್ರಿ ಸರ. ಎಲ್ಲಾ ತೊಳದ ಬಿಡ್ರಿ" ಎಂದೆ.

ಅವರು ನನ್ನೆದುರೇ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸ ಲಿನಕ್ಸ್ ಹಾಕಿದರು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ನಾನು ಅವರಿಗೆ ಚಹಾ ಕೊಟ್ಟೆ. ಅವಳು ಕಟ್ಟಿದ್ದ ಸಾಫ್ಟ್‌ವೇರ್ ಹೋಯಿತು. ಎಣಿಸಿದ ದನಿಗಳನ್ನು ಬದಲಿಸಿ ಇಟ್ಟಿದ್ದ ಪ್ರತಿಗಳೂ ಅದರ ಜೊತೆ ಹೋದವು. ಅತ್ತೆಯ ಫೋನ್ ಬಂದ ಮೇಲೆ ಇದೆಲ್ಲ ಹೊಳೆಯಿತು. ರೆಕಾರ್ಡರಿನ ಬ್ಯಾಟರಿ ಉಬ್ಬಿ ಅದೂ ಸತ್ತಿತ್ತು. ಅದರ ಹೊಟ್ಟೆಯೊಳಗಿನ ಮೆಮೊರಿ ಕಾರ್ಡಿನಲ್ಲಿ ಒಂದೇ ಒಂದು ಫೈಲ್ ಇತ್ತು. ಯಾವ ಪ್ಲೇಯರೂ ಅದನ್ನು ತೆರೆಯಲಿಲ್ಲ.

ಅವಳ ಪೆನ್‌ಡ್ರೈವಿನಲ್ಲಿ ಸೋರ್ಸ್ ಇತ್ತು, ತಿದ್ದುಪಡಿಯ ಫೈಲೂ ಇತ್ತು. ಜೊತೆಗೆ ಒಂದು ಗೆರೆ ನೋಟ್‌ಬುಕ್. ಕಟ್ಟುವ ಬಗೆಯನ್ನು ಸಾಲು ಸಾಲಾಗಿ ಬರೆದಿಟ್ಟಿದ್ದಳು. ಲಿನಕ್ಸಿಗೆ ಎರಡು ಪುಟ, ವಿಂಡೋಸಿಗೆ ನಾಲ್ಕು. ನನ್ನ ಬಳಿ ಇದ್ದದ್ದು ವಿಂಡೋಸ್ ಲ್ಯಾಪ್‌ಟಾಪ್. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನೋಟ್‌ಬುಕ್ ತೆರೆದಿಟ್ಟು ಒಂದು ಬೆರಳಿನಿಂದ ಟೈಪ್ ಮಾಡುತ್ತಿದ್ದೆ.

ಮೊದಲ ಎರಡು ವಾರ ಏನೂ ಮುಂದೆ ಹೋಗಲಿಲ್ಲ. ತಪ್ಪು ನನ್ನದೇ. ಸೋರ್ಸನ್ನು ಇಟ್ಟ ಫೋಲ್ಡರಿಗೆ ಪ್ರೀತಿಯಿಂದ 'ಅವಳ ಕೆಲಸ' ಎಂದು ಕನ್ನಡದಲ್ಲಿ ಹೆಸರು ಕೊಟ್ಟಿದ್ದೆ. ಕಟ್ಟುವ ಸಾಫ್ಟ್‌ವೇರಿಗೆ ಆ ಅಕ್ಷರಗಳೂ ನಡುವಿನ ಜಾಗವೂ ಒಗ್ಗುತ್ತಿರಲಿಲ್ಲ. ಇಂಗ್ಲಿಷಿನ ಒಂದೇ ಅಕ್ಷರದ ಹೆಸರಿಟ್ಟ ಮೇಲೆ ದಾರಿ ಬಿಟ್ಟಿತು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅವಳ ತಿದ್ದುಪಡಿಯನ್ನು ನನ್ನ ಹಳೆಯ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದಾಗ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂದವು. ಲಿನಕ್ಸಿನಲ್ಲಿ ಸಾಲು ಮುಗಿಯುವ ಗುರುತು ಬೇರೆ, ಇಲ್ಲಿ ಬೇರೆ. ಆಗ ನನಗದು ಗೊತ್ತಿರಲಿಲ್ಲ. ಪಾಪ, ಅವಸರದಲ್ಲಿ ಬರೆದಿದ್ದಾಳೆ ಎಂದುಕೊಂಡು, ನನಗೆ ಸರಿ ಕಂಡಲ್ಲಿ ಸಾಲು ಮುರಿದು ಅಂದಗೊಳಿಸಿದೆ. ಅದು ಸೋರ್ಸಿಗೆ ಹೊಂದಲೇ ಇಲ್ಲ. ಪೆನ್‌ಡ್ರೈವಿನಲ್ಲಿ ಮೂಲಪ್ರತಿ ಹಾಗೆಯೇ ಇದ್ದದ್ದು ಪುಣ್ಯ. ಆಮೇಲೆ ಅವಳು ಬರೆದ ಒಂದು ಚುಕ್ಕೆಯನ್ನೂ ನಾನು ಮುಟ್ಟಲಿಲ್ಲ.

ಕರೆಂಟು ಹೋಗಿ ಲ್ಯಾಪ್‌ಟಾಪ್ ಆರಿದರೂ, ಬಂದ ಮೇಲೆ ಅದೇ ಆಜ್ಞೆ ಕೊಟ್ಟರೆ ಕೆಲಸ ನಿಂತಲ್ಲಿಂದ ಮುಂದುವರಿಯುತ್ತಿತ್ತು. ಅಷ್ಟು ಕರುಣೆ ಆ ಸಾಫ್ಟ್‌ವೇರಿಗೆ ಇತ್ತು. ಪರದೆಯ ಮೇಲೆ ಸಾಲುಗಳು ಓಡುವುದನ್ನು ನೋಡುತ್ತ ಕೂರುತ್ತಿದ್ದೆ. ಒಂದು ದಿನ ತಪ್ಪಿನ ಸಾಲಿಲ್ಲದೆ ಎಲ್ಲ ಮುಗಿಯಿತು. ಕಾರ್ಡಿನ ಫೈಲ್ ಕೊಟ್ಟೆ. ಅದು ತೆರೆಯಿತು. ನಲವತ್ತು ಸೆಕೆಂಡಿನದು ಎಂದು ತೋರಿಸಿತು. ದನಿ ಮಾತ್ರ ಬರಲಿಲ್ಲ.

ಸ್ಪೀಕರಿನ ವೈರು ನೋಡಿದೆ, ಮತ್ತೆ ಮೊದಲಿನಿಂದ ಕಟ್ಟಿದೆ. ಇಲ್ಲ. ಎಲ್ಲಿ ತಪ್ಪಿದೆನೆಂದು ನೋಟ್‌ಬುಕ್ಕಿನ ವಿಂಡೋಸ್ ಪುಟ ತಿರುವಿದೆ. ನಾಲ್ಕನೆಯ ಪುಟದ ಕೆಳಗೆ ಅವಳು ಬರೆದ ಕೊನೆಯ ಸಾಲು ಇತ್ತು: "ಇಲ್ಲಿತನಕ ಬಂತು. ದನಿ ಬರವಲ್ದು. ನಾಳೆ ನೋಡಬೇಕು."

ಅವಳು ಎಲ್ಲಿಗೆ ನಿಂತಿದ್ದಳೋ ಅಲ್ಲಿಗೇ ಬಂದು ನಾನೂ ನಿಂತಿದ್ದೆ. ಅಲ್ಲಿಂದ ಮುಂದಿನದು ಅವಳಿಗೂ ಗೊತ್ತಿರಲಿಲ್ಲ.

ಉಳಿದದ್ದು ಲಿನಕ್ಸಿನ ದಾರಿ. ಮರುದಿನ ಶಾಲೆ ಬಿಡುವ ಹೊತ್ತಿಗೆ ಹೋದೆ. ಮಾಸ್ತರರು ನನ್ನನ್ನು ನೋಡಿ ನಕ್ಕರು.

"ಏನ್ರಿ, ಕೊಟ್ಟ ದಾನ ತಿರಗಿ ಕೇಳಾಕ ಬಂದ್ರೇನು?"

"ಒಂದೀಟು ಹೊತ್ತು ಕಡಾ ಕೊಡ್ರಿ ಸರ" ಎಂದು ಸಂಗತಿ ಹೇಳಿದೆ. ಅವರ ನಗು ನಿಂತಿತು. "ನಾ ಅವತ್ತ ಇನ್ನೊಮ್ಮಿ ಕೇಳಬೇಕಿತ್ರಿ" ಎಂದರು. ನೀವು ಕೇಳಿದಿರಿ, ಬೇಡ ಎಂದವನು ನಾನೇ ಎಂದೆ.

ಅದೇ ಕಂಪ್ಯೂಟರ್. ಕೀಲಿಮಣೆಯ ಮೇಲೆ ಈಗ ಮಕ್ಕಳ ಸೀಮೆಸುಣ್ಣದ ಬೆರಳಿನ ಗುರುತುಗಳಿದ್ದವು. ನಾನು ಟೈಪ್ ಮಾಡಿದೆ, ಅವರು ನೋಟ್‌ಬುಕ್ ಓದಿ ಹೇಳಿದರು. ಅರ್ಧಕ್ಕೆ ಬಂದು ನಿಂತಿತು. ಅವರು ತಪ್ಪಿನ ಸಾಲನ್ನು ಎರಡು ಸಲ ಓದಿದರು. ಸೋರ್ಸ್ ಹಳೆಯದು, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹೊಸದು, ವೇಗಕ್ಕಾಗಿ ಬರೆದ ಕೆಲವು ಭಾಗಗಳನ್ನು ಅದು ಒಪ್ಪುತ್ತಿಲ್ಲ ಎಂದರು.

"ಅವನ್ನ ಬಿಟ್ಟು ಕಟ್ಟೂಣು. ನಿಧಾನ ಓಡ್ತೈತಿ, ಅಷ್ಟs."

"ಓಡಲಿ ಬಿಡ್ರಿ" ಎಂದೆ.

ಮೊದಲಿನಿಂದ ಶುರುವಾಯಿತು. ಮುಗಿಯಲು ಮುಕ್ಕಾಲು ಗಂಟೆ ಬೇಕಾಯಿತು. ಮಾಸ್ತರರು ಹಾಜರಿ ಪುಸ್ತಕ ನೋಡುತ್ತ ಕುಳಿತರು. ನಾನು ಕಿಟಕಿಯಿಂದ ಮೈದಾನ ನೋಡಿದೆ. ಫೈಲ್ ಕೊಟ್ಟು ಬಟನ್ ಒತ್ತುವಾಗ ಅವರು ಎದ್ದು ಹೊರಗೆ ಹೋದರು.

"ಒಂದು" ಎಂದಳು.

ಎರಡು, ಮೂರು. ಬೇಸರದ ದನಿ, ಮನಸ್ಸು ಬೇರೆಲ್ಲೋ ಇಟ್ಟು ಎಣಿಸುವ ದನಿ. ಹನ್ನೊಂದರ ಬಳಿ ಗಂಟಲು ಸರಿಮಾಡಿಕೊಂಡಳು. ಯಾವ ಅಂಕಿಯೂ ತಪ್ಪಲಿಲ್ಲ, ಅವಳ ತಿದ್ದುಪಡಿ ಸರಿಯಾಗಿತ್ತು. ಮೂವತ್ತೊಂದು ಎಂದಳು. ಅಷ್ಟರಲ್ಲಿ ದೂರದಿಂದ ಒಂದು ಗಂಡಸಿನ ದನಿ ಬಂತು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು, ನನ್ನದೇ.

"ಎಷ್ಟೊತ್ತ ಎಣಸ್ತಿ ಲೇ? ಬಸ್ ಬಂತು. ನಿಂದೊಂದ ಹುಚ್ಚು."

"ಬಂದ್ನಿ, ತಡೀರಿ" ಎಂದಳು. ಬಟನ್ ಒತ್ತಿದ ಸದ್ದು. ಮುಗಿಯಿತು.

ಮಾಸ್ತರರು ಒಳಗೆ ಬಂದು, ಎಲ್ಲರೂ ಕೇಳಬಹುದಾದ ಸಾಮಾನ್ಯ ಫೈಲಾಗಿ ಅದನ್ನು ಬದಲಿಸಿ ನನ್ನ ಫೋನಿಗೆ ಹಾಕಿಕೊಟ್ಟರು. ಹಾಕುವ ಮೊದಲು ತಾವೂ ಒಮ್ಮೆ ಆಲಿಸಿ, ಮೆಲ್ಲಗೆ ಕೇಳಿದರು: "ಕಡೀ ಮಾತೀಟು ಕತ್ತರಿಸಿ ಕೊಡ್ಲೇನ್ರಿ? ಹಿರೇರಿಗೆ ಬ್ಯಾಸರ ಆದೀತು."

ಕತ್ತರಿಸುವುದು ನನ್ನ ಕಸುಬು. ಎಷ್ಟು ಜನರ ಮಾತು ಕತ್ತರಿಸಿದ್ದೇವೋ ಲೆಕ್ಕವಿಲ್ಲ. ನನ್ನ ಮಾತನ್ನು ತೆಗೆದರೆ ಅವಳ ಉತ್ತರಕ್ಕೆ ಅರ್ಥವಿಲ್ಲ. ಎರಡನ್ನೂ ತೆಗೆದರೆ ಉಳಿಯುವುದು ಬರೀ ಅಂಕಿ. ಅವಳು ಒಬ್ಬ ಮನುಷ್ಯನಿಗೆ ಆಡಿದ ಮಾತು ಎಂದು ಈ ಲೋಕದಲ್ಲಿ ಉಳಿದಿರುವುದು ಆ ಎರಡೇ ಶಬ್ದ. ಬೇಡ, ಹಾಗೇ ಇರಲಿ ಎಂದೆ.

ಭಾನುವಾರ ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಮೊರಬಕ್ಕೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದರು. ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಕಿವಿಗೆ ಒತ್ತಿಹಿಡಿದರು.

"ಇದು ನೋಡ್ರಿ, ಇಪ್ಪತ್ತೇಳು ಅನ್ನೂದು. ಸಾಲಿಗೆ ಹೋಗುವಾಗೂ ಹಿಂಗs ಎಳೀತಿದ್ಲು. ಎಷ್ಟ ಬೈದಿದ್ದೆ" ಎಂದರು. ನಕ್ಕರು ಕೂಡ. ಆಮೇಲೆ ನನ್ನ ದನಿ ಬಂದಿರಬೇಕು, ಅವರ ಮುಖದ ನಗು ಹಾಗೇ ನಿಂತಿತು. ಫೋನನ್ನು ಕಿವಿಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡರು.

"ಎಲ್ಲಿಗಿ ಹೊಂಟಿದ್ರಿ ಅವತ್ತ?"

ಬರುವ ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದ್ದೆ. ಯಾರದೋ ಮದುವೆಯೋ, ಕುಂದಗೋಳದ ಸಂತೆಯೋ, ಇಲ್ಲಿಗೇ ಬರಲು ಹೊರಟಿದ್ದೆವೋ. ಒಂದೂ ನೆನಪಾಗಿರಲಿಲ್ಲ.

"ನೆನಪಿಲ್ರಿ ಅತ್ತಿ."

"ಎಲ್ಲಿತನಕ ಎಣಸಾಕಿ ಇದ್ಲು?"

"ಅರವತ್ತರತನಕ ರಿ."

ಅವರು ಕಡಲೆಯ ಕಡೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರಬೇಕಿತ್ತು, ಬರಲಿಲ್ಲ ಎನ್ನುವಾಗ ಇರುವ ದನಿಯಲ್ಲಿ ಹೇಳಿದರು:

"ಎಣಸಾಕ ಬಿಡಬೇಕಿತ್ರಿ ನೀವು."

ಹೌದ್ರಿ ಎಂದೆ. ಅವರು ಫೋನನ್ನು ನನ್ನ ಕಡೆ ಚಾಚಿದರು.

"ಇನ್ನೊಮ್ಮಿ ಹಚ್ರಿ. ಒಂದರಿಂದ."