ಬೀಸೋ ಅವ್ವನ ಬಲಗೈ

ಅವ್ವನ ಬಲ ಅಂಗೈಯಲ್ಲಿ ಎಂಟಾಣೆ ಅಗಲದ ಜಡ್ಡು ಇತ್ತು. ನಲವತ್ತು ವರ್ಷ ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ಅಲ್ಲಿಯ ಚರ್ಮ ಚಪ್ಪಲಿಯ ತೊಗಲಿನಂತಾಗಿತ್ತು. ನೆರೆಯವರು ಕೆಂಡ ಕೇಳಿದರೆ ಆ ಅಂಗೈಯಲ್ಲೇ ಎತ್ತಿ ಹಾಕುತ್ತಿದ್ದಳು. ಮದ್ದೂರಿನ ಹೊಳೆ ಕಡೆಯ ಬೀದಿಗೆಲ್ಲ ಅವಳು ಬೀಸೋ ಅವ್ವ. ಮನೆಮನೆಯ ರಾಗಿ ಬೀಸಿ, ಕೂಲಿಗೆ ಹಿಟ್ಟನ್ನೇ ಪಡೆದು, ಒಬ್ಬಳೇ ಬಾಳುತ್ತಿದ್ದಳು. ನನಗೆ ಅವಳು ನೆಂಟಳೇನೂ ಅಲ್ಲ. ನಾನಿದ್ದ ಕೊಠಡಿಯ ಗೋಡೆಯಾಚೆ ಬೆಳಗಿನ ಜಾವ ಅವಳ ಕಲ್ಲು ತಿರುಗುತ್ತಿತ್ತು, ಅಷ್ಟೆ.

ನಾನಾಗ ನಾಲೆ ಕೆಲಸದ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಯವನು. ಆತಗೂರಿನಲ್ಲಿ ಅಣ್ಣನೊಡನೆ ಜಗಳವಾಡಿ, ಇನ್ನು ಈ ಹೊಸಿಲು ತುಳಿಯೋದಿಲ್ಲ ಎಂದು ಹೇಳಿ ಬಂದವನು. ಕಿರುಗಾವಲಿನವರು ಹೆಣ್ಣು ಕೊಡಲು ಒಪ್ಪಿದ್ದೂ ಬಂಗಲೆಯ ಕೆಲಸ ನೋಡಿಯೇ. ಅದೊಂದು ಹೋದರೆ ನಾನು ಎರಡು ಊರಿಗೂ ಮುಖ ತೋರಿಸುವ ಹಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ ದೊರೆಗೆ ಬಂಗಲೆಯಲ್ಲೇ ಕುಡಿಯುವ ಬೀರು ಮಾಡಿಸುವ ಹುಚ್ಚು ಹಿಡಿಯಿತು. ಬೆಂಗಳೂರಿನಿಂದ ರೈಲಿನಲ್ಲಿ ಬರುವ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಬಾಟ್ಲಿಗಳು ಒಡೆದೇ ಇರುತ್ತಿದ್ದವು. ಅವನ ಹತ್ತಿರ ಒಂದು ಪುಸ್ತಕವಿತ್ತು, ಬೀರಿಗೆ ಹಾಕಲೆಂದು ಸೀಮೆಯಿಂದ ತರಿಸಿದ ಒಂದು ಡಬ್ಬಿ ಕಹಿ ಹೂವಿತ್ತು. ಬಾರ್ಲಿ ಬದಲು ರಾಗಿಯನ್ನೇ ಮೊಳಕೆ ಕಟ್ಟು ಎಂದ. ಒಂದೂವರೆ ತಿಂಗಳಿಗೆ ದೊಡ್ಡ ಎಂಜಿನಿಯರು ಭಾನುವಾರದ ಊಟಕ್ಕೆ ಬರುತ್ತಾರೆ, ಅಷ್ಟರಲ್ಲಿ ಆಗದಿದ್ದರೆ ಗಂಟುಮೂಟೆ ಕಟ್ಟು ಎಂದೂ ಹೇಳಿದ. ನಮ್ಮಂಥವರು ಹೆಂಡಕ್ಕೆ ಮಡಕೆ ಇಟ್ಟರೆ ಅಬ್ಕಾರಿಯವರು ಹಗ್ಗ ತರುತ್ತಾರೆ. ದೊರೆ ಇಟ್ಟರೆ ಅದು ಶೋಕಿ!

ಮೊಳಕೆ ರಾಗಿ ನನಗೇನು ಹೊಸದೆ? ಅಕ್ಕನ ಬಾಣಂತನದಲ್ಲಿ ಕೂಸಿನ ಸರಿಗೆ ಮಾಡಿದ್ದನ್ನು ಕಂಡಿದ್ದೆ. ನೆನೆಸಿದೆ, ಒದ್ದೆ ಬಟ್ಟೆಯಲ್ಲಿ ಕಟ್ಟಿದೆ, ಒಣಗಿಸಿ ಮೊಳಕೆ ಉಜ್ಜಿದೆ, ಘಮ್ಮೆನ್ನುವ ಹಾಗೆ ಹುರಿದೆ. ಒರಳಲ್ಲಿ ಕುಟ್ಟಿ ಬಿಸಿನೀರಿಗೆ ಕದಡಿ, ಹುದುಗಲೆಂದು ಹೆಂಡದಂಗಡಿಯ ಗಸಿ ಬೆರೆಸಿ ಕಾದೆ. ವಾರವಾದರೂ ಒಂದು ಗುಳ್ಳೆ ಏಳಲಿಲ್ಲ. ದೊರೆ ಬಾಯಿಗಿಟ್ಟು ಕಿಟಕಿಯಾಚೆ ಉಗಿದ.

ಅವ್ವನ ಮುಂದೆ ಹೋಗಿ ಕೂತೆ. ಹೆಂಡದ ವಾಸನೆಗೇ ಸೆರಗು ಮೂಗಿಗೆ ಹಿಡಿಯುವ ಹೆಂಗಸು ಉಳಿದಿದ್ದ ರಾಗಿಯ ನಾಲ್ಕು ಕಾಳು ಹಲ್ಲಿಗೆ ಹಾಕಿ ನೋಡಿದಳು.

"ಉರುದ್ಬುಟ್ಟಿದ್ದೀಯಲ್ಲೋ ಮಗ. ಕೂಸಿನ ಸರಿಗಾದ್ರೆ ಗಮಕ್ಕೆ ಉರೀಬೇಕು. ನಿಂಗೆ ಬೇಕಾಗಿರೋದು ಮೊಳಕೆ ಜೀವ ಕಣಪ್ಪ."

ಹುರಿಯದ ಮೊಳಕೆ ಹಿಟ್ಟಿನ ಗಂಜಿ ತಾನಾಗಿ ನೀರಾಗಿ ಸಿಹಿಯಾಗುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳಂತೆ. ಬಿಸಿಲಲ್ಲೇ ಒಣಗಿಸಿದ ರಾಗಿಯನ್ನು ತಾನೇ ಬೀಸಿಕೊಟ್ಟಳು. ಈ ಸಲ ನೀರು ಸಿಹಿಯಾಯಿತು. ಆ ಖುಷಿಯಲ್ಲಿ ನಾನು, ಪೆದ್ದ, ಕಹಿ ಹೂವು ಹಾಕಿ ಕುದಿಸುತ್ತಿರುವಾಗಲೇ ಗಸಿ ಸುರಿದೆ. ಮತ್ತೆ ಗುಳ್ಳೆಯಿಲ್ಲ. ಕುದಿಯೋ ಹಾಲಿಗೆ ಯಾವಳಾದರೂ ಹೆಪ್ಪು ಹಾಕುತ್ತಾಳೇನೋ ಎಂದು ಅವ್ವ ಚೆನ್ನಾಗಿ ಬೈದಳು, ಬೈದುಕೊಂಡೇ ಮತ್ತೆ ಬೀಸಿದಳು.

ಮೂರನೆಯ ಸಲ ಮಡಕೆ ಬುಸುಗುಟ್ಟಿತು. ಅಷ್ಟರಲ್ಲಿ ಆ ಭಾನುವಾರ ಹತ್ತಿರ ಬಂದಿತ್ತು. ಮಡಕೆ ಪೂರ್ತಿ ಸುಮ್ಮನಾಗಲಿ, ಆಮೇಲೆ ಬಾಟ್ಲಿಗೆ ತುಂಬು ಎಂದು ಅವ್ವ ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ಬುಧವಾರವೇ ಇಪ್ಪತ್ತನಾಲ್ಕು ಬಾಟ್ಲಿ ತುಂಬಿ, ಬಿರಡೆ ಜಡಿದು, ಮೇಲೆ ತಂತಿ ಬಿಗಿದೆ.

ಭಾನುವಾರ ಬೆಳಿಗ್ಗೆ ದೊರೆ ಅತಿಥಿಯನ್ನು ಕರೆತರಲು ಸ್ಟೇಷನ್ನಿಗೆ ಹೋದ. ಅವನ ಕಾರು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಉಗ್ರಾಣದಲ್ಲಿ ಢಂ ಎಂದಿತು. ಹೋಗಿ ನೋಡಿದರೆ ಗಾಜು ಎದುರು ಗೋಡೆಗೆ ನೆಟ್ಟಿತ್ತು. ನೋಡುತ್ತಿದ್ದ ಹಾಗೆ ಇನ್ನೊಂದು ಸಿಡಿಯಿತು. ಬಾಗಿಲೆಳೆದು ಅವ್ವನ ಮನೆಗೆ ಓಡಿದೆ.

ಅವ್ವ ಬೀಸುತ್ತಿದ್ದವಳು ಹಾಗೇ ಎದ್ದು, ಒಂದು ಗೋಣಿಚೀಲವನ್ನು ನೀರಲ್ಲಿ ಅದ್ದಿಕೊಂಡು ಬಂದಳು. ನಾನು ಒಂದು ಬಾಟ್ಲಿ ಎತ್ತಿಕೊಂಡೆ. ತಂತಿ ಬೆರಳಿಗೆ ಸಿಗಲೊಲ್ಲದು.

"ಕೈ ನಡುಗ್ತಾ ಅದೆ ನಿಂಗೆ. ಈಚೆಗೆ ಬಾ," ಎಂದಳು.

ಒಂದೊಂದನ್ನೇ ಒದ್ದೆ ಗೋಣಿಯಲ್ಲಿ ಸುತ್ತಿ, ತಂತಿ ಸಡಿಲಿಸಿ, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುವಳು. ಉಸ್ಸೆಂದು ಗಾಳಿ ಹೋದ ಮೇಲೆ ಮತ್ತೆ ಒತ್ತುವಳು. ನಾನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಹದಿನೆಂಟಾಗಿತ್ತು. ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳಿತು. ಹತ್ತೊಂಬತ್ತನೆಯದು ಅವಳ ಕೈಯಲ್ಲೇ ಸಿಡಿಯಿತು.

ಗಾಜು ಗೋಣಿ ಸೀಳಿ ಅವ್ವನ ಬಲಗೈಗೆ ಇಳಿಯಿತು. ಕೈಯನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಳು. ಸೆರಗೆಲ್ಲ ಕೆಂಪಾಯಿತು.

"ಇನ್ನು ಮೂರವೆ. ನಾನ್ ಏಳ್ದಂಗೆ ಬಿಚ್ಚು. ದೊರೆಗೆ ಏಳ್ಬ್ಯಾಡ, ಕೆಲ್ಸ ಉಳುಸ್ಕೊ ಮಗ."

ಮೂರನ್ನೂ ನಾನೇ ಬಿಚ್ಚಿದೆ. ಅವಳು ಹಿತ್ತಿಲ ಬಾಗಿಲಿಂದ ಹೋದಳು, ಕಾರು ಮುಂಬಾಗಿಲಿಗೆ ಬಂತು. ದೊಡ್ಡ ಎಂಜಿನಿಯರು ಎರಡನೆಯ ಗ್ಲಾಸು ಕೇಳಿ ಕುಡಿದರು. ದೊರೆ ನನ್ನ ಬೆನ್ನು ತಟ್ಟಿದ. ಅವ್ವನ ರಕ್ತದ ಮಾತು ನನ್ನ ಬಾಯಿಂದ ಬರಲಿಲ್ಲ. ಥೂ, ಇವತ್ತು ನೆನೆದರೂ ನಾಚಿಕೆಯಾಗುತ್ತದೆ.

ಸಂಜೆ ಅವಳನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ ತುಂಡಾಗಿದೆ, ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದರು. ಮಾರನೆಯ ಜಾವ ನನಗೆ ಎಚ್ಚರವಾದದ್ದು ಸದ್ದಿಗಲ್ಲ, ಸದ್ದಿಲ್ಲದ್ದಕ್ಕೆ. ಎದ್ದು ಹೋಗಿ ಅವಳ ಕಲ್ಲಿನ ಮುಂದೆ ಕಾಲು ಚಾಚಿ ಕೂತೆ.

ಗಂಡಸು ರಾಗಿ ಬೀಸುವುದೆಂದರೆ ಬೀದಿಗೆ ತಮಾಷೆ. ಹಾದುಹೋಗುವವರು ಇಣುಕಿ ನೋಡಿ, ಸೀರೆ ಯಾವಾಗ ಉಡ್ತೀಯೋ ಎಂದು ಕೇಳಿದರು. ಅವ್ವ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಕಾಳು ಹಾಕುತ್ತ, ದಪ್ಪ ಬಂತು, ನಿಧಾನ ತಿರುಗಿಸು ಎಂದು ತಪ್ಪು ಹುಡುಕುತ್ತಿದ್ದಳು. ಮದುವೆಯಾಗಿ ಬಂದ ನನ್ನ ಹೆಂಡತಿ ತಾನು ಬೀಸುತ್ತೇನೆ ಎಂದಳು. ನಾನು ಗೂಟ ಬಿಡಲಿಲ್ಲ. ಹೀಗೇ ಏಳು ವರ್ಷ. ನಾನು ಬೀಸುವುದು, ಬಂದ ಕೂಲಿ ಹಿಟ್ಟನ್ನು ಅವ್ವ ಉಣ್ಣುವುದು.

ಅವ್ವ ಹಾಸಿಗೆ ಹಿಡಿದಾಗ ಒಂದು ದಿನ ನನ್ನ ಬಲಗೈ ಎಳೆದುಕೊಂಡು, ತನ್ನ ಎಡಗೈ ಬೆರಳಿನಿಂದ ಅಂಗೈ ಸವರಿದಳು. ಅಲ್ಲಿಯ ಜಡ್ಡು ಸಿಕ್ಕಿತು.

"ಇನ್ನು ನಡುಗಕ್ಕಿಲ್ಲ ಬುಡು ಈ ಕೈ," ಎಂದಳು.

ಮೂರನೆಯ ದಿನ ತೀರಿಕೊಂಡಳು. ಅವಳಿಗೆ ಬೇರೆ ಯಾರೂ ಇರಲಿಲ್ಲ, ಮೊದಲ ಹಿಡಿ ಮಣ್ಣು ನಾನೇ ಹಾಕಬೇಕಾಯಿತು. ಅವ್ವನ ಮಾತು ಅದೊಂದೇ ಸಲ ಸುಳ್ಳಾದದ್ದು. ಕೈ ನಡುಗಿತು.