ಆಂಟಿ ಬಳೆ, ಓಡಿಹೋಗೋ ರಂಗೋಲಿ

ಪಕ್ಕದ್ಮನೆ ಆಂಟಿಯ ಬಲಗೈಲಿ ಒಂದು ಚಿನ್ನದ ಬಳೆ ಇತ್ತು, ಒಂದು ಕಡೆ ಸ್ವಲ್ಪ ಸೊಟ್ಟ. ಮದುವೇಲಿ ಹಾಕಿದ್ದಂತೆ. ಆಮೇಲೆ ಕೈ ದಪ್ಪ ಆಯ್ತು, ಬಳೆ ಅಲ್ಲೇ ಪಿಆರ್, ಅಂದ್ರೆ ಕಾಯಂ ಆಗಿ ಇರೋ ವೀಸಾ, ತಗೊಂಡು ಸೆಟ್ಲ್ ಆಗ್ಬಿಡ್ತು. ಸೋಪು, ಎಣ್ಣೆ, ಅಂಕಲ್ಲಿನ ಶಕ್ತಿ, ಯಾವುದಕ್ಕೂ ಜಗ್ಗಲ್ಲ. ಅದರ ಕೆಳಗಿನ ಚರ್ಮ ಸಿಡ್ನಿ ಬಿಸಿಲನ್ನ ಕಂಡೇ ಇಲ್ಲದ ಹಾಗೆ ಬೆಳ್ಳಗಿತ್ತು.

ಸಿಡ್ನಿಯ ದಿ ಪಾಂಡ್ಸ್ ಬಡಾವಣೇಲಿ ನಮ್ಮನೆಗೂ ಅವರ ಮನೆಗೂ ಮಧ್ಯೆ ಒಂದೇ ಒಂದು ಬೇಲಿ. ಅವರು ಒಗ್ಗರಣೆ ಹಾಕಿದ್ರೆ ನಮ್ಮಮ್ಮ ಸೀನೋರು. ಸ್ಕೂಲಿಂದ ಬಂದ ತಕ್ಷಣ ನಾನು ಆ ಕಡೆ ಹಾಜರ್. ಅವಲಕ್ಕಿ ಆಸೆಗೆ ಹೋಗ್ತಾನೆ ಅಂತ ಅಮ್ಮ ಅಂದ್ಕೊಂಡಿದ್ರು. ಅರ್ಧ ನಿಜ. ಇನ್ನರ್ಧ ಏನಂದ್ರೆ, ನಾನು ಆಂಟಿಯ ಅಫಿಶಿಯಲ್ ಟೆಸ್ಟರ್. ಇಡೀ ದಕ್ಷಿಣ ಗೋಳಾರ್ಧದಲ್ಲೇ ನನ್ನಂಥ ಬೆರಳುಗಳಿಲ್ಲ.

ಆಂಟಿ ಹತ್ರ ಒಂದು ಹೊಸ ಲ್ಯಾಪ್‌ಟಾಪ್. ಅದಕ್ಕೆ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದ್ರು. ಅಂದ್ರೆ ಯಾರು ಬೇಕಾದ್ರೂ ಒಳಗೆ ಕೈ ಹಾಕಿ ರಿಪೇರಿ ಮಾಡಿ ಎಲ್ರಿಗೂ ಫ್ರೀಯಾಗಿ ಹಂಚಬಹುದಾದ್ದು. ಲ್ಯಾಪ್‌ಟಾಪ್ ಎಷ್ಟು ಹೊಸದಂದ್ರೆ ಅದರ ಟಚ್‌ಪ್ಯಾಡ್‌ಗೆ ಇನ್ನೂ ಡ್ರೈವರ್ರೇ ಇರ್ಲಿಲ್ಲ. ಬೆರಳು ಹೇಳಿದ್ದು ಕಂಪ್ಯೂಟರ್‌ಗೆ ತಿಳಿಸೋ ಆ ಪ್ರೋಗ್ರಾಂನ ಆಂಟಿನೇ ಬರೀತಿದ್ರು.

ಟೈಂಪಾಸ್‌ಗಲ್ಲ. ಬೆಂಗಳೂರಲ್ಲಿ ದೊಡ್ಡ ಕೆಲಸದಲ್ಲಿದ್ದೋರು. ಇಲ್ಲಿಗೆ ಬಂದ್ಮೇಲೆ ಹೋದ ಕಡೆಯೆಲ್ಲ ಒಂದೇ ಪಲ್ಲವಿ: "ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ವಲ್ಲ." ಮೆಲ್ಬರ್ನ್‌ನ ಒಂದು ಕಂಪನಿಯೋರು ಮಾತ್ರ, "ನೀವು ಮಾಡಿದ್ದು ಏನಾದ್ರೂ ಇದ್ರೆ ತಂದು ತೋರಿಸಿ" ಅಂದಿದ್ರು. ಆಂಟಿ ಹತ್ರ ತೋರಿಸೋಕೆ ಇದ್ದಿದ್ದು ಇದೊಂದೇ.

ಬೇರೆಯೋರು ಟಚ್‌ಪ್ಯಾಡ್ ಟೆಸ್ಟ್ ಮಾಡೋಕೆ ಅಡ್ಡ ಗೆರೆ, ಉದ್ದ ಗೆರೆ ಎಳೀತಾರೆ. ಆಂಟಿ ರಂಗೋಲಿ ಹಾಕೋರು. ಸ್ಕ್ರೀನ್ ತುಂಬ ಚುಕ್ಕಿ ಇಟ್ಟು, ಬೆರಳು ಎತ್ತದೆ ಒಂದೇ ಎಳೆ. ಚುಕ್ಕಿಗಳನ್ನ ಸುತ್ತಿ ಬಳಸಿ, ಹೊರಟ ಜಾಗಕ್ಕೇ ವಾಪಸ್ ಬರಬೇಕು.

"ಎಳೆ ಕೂಡ್ಕೊಂಡ್ರೆ ಡ್ರೈವರ್ ಪಾಸು ಕಣೋ" ಅನ್ನೋರು. "ಸ್ಕ್ರೀನ್ ಮೇಲಿನ ಬಾಣ ಕನಸಲ್ಲಿ ನಡೆದ ಹಾಗೆ ನಡೀಬೇಕು. ಕಾಲು ನೆಲಕ್ಕೆ ತಾಗ್ಬಾರ್ದು."

ಆ ಸಂಜೆಗಳು ಈಗ ನೆನೆಸಿಕೊಂಡ್ರೆ ನೀರೊಳಗೆ ಕೂತು ನೋಡಿದ ಹಾಗಿವೆ. ಕಿಟಕಿ ಪರದೆ ಉಸಿರಾಡೋದು, ಬಿಸಿಲು ಟೇಬಲ್ ಮೇಲೆ ಮೆಲ್ಲಗೆ ತೆವಳೋದು, ಕಾಕಟೂ ಗಿಳಿಗಳ ಹಿಂಡು ಛಾವಣಿ ಮೇಲೆ ಕಿರುಚ್ಕೊಂಡು ಹೋದ್ರೂ ಎಲ್ಲೋ ದೂರದಲ್ಲಿ ಅನ್ಸೋದು. ಕಪ್ಪು ಸ್ಕ್ರೀನಲ್ಲಿ ಬಿಳಿ ಎಳೆ ತೇಲ್ತಾ ಹೋಗ್ತಿದ್ರೆ ನನ್ನ ಬಾಯಲ್ಲಿದ್ದ ಅವಲಕ್ಕಿ ಹಾಗೇ ನಿಂತ್ಬಿಡೋದು.

ಆದ್ರೆ ಎಳೆ ಕೂಡ್ತಾನೇ ಇರ್ಲಿಲ್ಲ. ಆಂಟಿ ಬಿಡಿಸ್ತಿದ್ದ ಹಾಗೇ ಇಡೀ ರಂಗೋಲಿ, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ, ಸ್ಕ್ರೀನ್ ಮೇಲಕ್ಕೆ ಓಡಿಹೋಗೋದು. ನಾನು ಹಾಕಿದ್ರೆ ಆಮ್ಲೆಟ್ ಥರ ಬರೋದು, ಆದ್ರೆ ಓಡ್ತಿರ್ಲಿಲ್ಲ.

"ನೋಡಿ ಆಂಟಿ, ಇದಕ್ಕೇ ಟ್ಯಾಲೆಂಟ್ ಅನ್ನೋದು."

"ಟ್ಯಾಲೆಂಟ್ ಅಂತೆ! ಓಡೋಕೆ ಅದಕ್ಕೆ ಕಾಲಾದ್ರೂ ಇರ್ಬೇಕಲ್ಲೋ."

ಅದೇ ಥರದ ಲ್ಯಾಪ್‌ಟಾಪ್ ಇಟ್ಕೊಂಡು ಬೇರೆ ದೇಶಗಳಲ್ಲಿ ಆಂಟಿ ಡ್ರೈವರ್ ಟೆಸ್ಟ್ ಮಾಡ್ತಿದ್ದೋರಿಂದ್ಲೂ ಒಂದೇ ಉತ್ತರ: ನಮ್ಮ ಕಡೆ ಸರಿಯಾಗೇ ಇದೆ, ನಿಮ್ಮ ಲ್ಯಾಪ್‌ಟಾಪೇ ಕೆಟ್ಟಿರ್ಬೇಕು. ಇಂಟರ್ವ್ಯೂ ಹತ್ರ ಬರ್ತಿತ್ತು. ಆಂಟಿ ಅವಲಕ್ಕಿಗೆ ಉಪ್ಪು ಮರೆಯೋಕೆ ಶುರು ಮಾಡಿದ್ರು. ನನಗೆ ಅದು ನ್ಯಾಷನಲ್ ಎಮರ್ಜೆನ್ಸಿ.

ಆವತ್ತು ಉಪ್ಪಿಲ್ಲದ ಅವಲಕ್ಕಿ ಅಗೀತಾ ಅವರ ಕೈನೇ ನೋಡ್ತಿದ್ದೆ. ಟಿಕ್ ಅಂತು. ರಂಗೋಲಿ ಓಡ್ತು. ಮತ್ತೆ ಟಿಕ್. ಮತ್ತೆ ಓಟ.

"ಆಂಟಿ, ನಿಮ್ಮ ಬಳೆ!"

ಕೈ ಅಲ್ಲೇ ನಿಂತ್ಹೋಯ್ತು. ಬಳೆ ಟಚ್‌ಪ್ಯಾಡ್ ಅಂಚಿಗೆ ಒರಗಿತ್ತು. "ಎರಡು ಬೆರಳು ತಾಗಿದ್ರೆ ಪೇಜ್ ಸರೀಬೇಕು ಅಂತ ನಾನೇ ಬರ್ದಿದ್ದೀನಿ" ಅಂದ್ರು ಮೆಲ್ಲಗೆ. "ಇದು ಬಳೇನ ಎರಡನೇ ಬೆರಳು ಅಂದ್ಕೊಂಡಿದ್ಯಲ್ಲೋ! ನೀನೂ ಒಂದು ಹಾಕ್ಕೊಂಡು ನೋಡು, ಖಾತ್ರಿ ಆಗ್ಲಿ."

ಮನೆಗೆ ಓಡಿದೆ. "ಅಮ್ಮ, ಒಂದು ಚಿನ್ನದ ಬಳೆ ಕೊಡಿ."

"ಯಾರಿಗೋ?"

"ನಂಗೆ."

ಅಮ್ಮ ನನ್ನ ಹಣೆ ಮುಟ್ಟಿ ನೋಡಿದ್ರು. "ಅವಲಕ್ಕಿಗೆ ಏನ್ ಬೆರೆಸ್ತಿದ್ದಾರೆ ಅವ್ರು?"

ಬಳೆ ಹಾಕ್ಕೊಂಡು ಬಂದೆ. ನನ್ನ ಆಮ್ಲೆಟ್ಟೂ ಓಡ್ತು! ಇಬ್ರೂ ಕಿರುಚಿದ್ವಿ. ಬಳೆ ಮಾತ್ರ ನನ್ನ ಕೈಯಿಂದ ಬರ್ಲೇ ಇಲ್ಲ. ಮಾರನೇ ದಿನ ಆ ಸುಡೋ ಬಿಸಿಲಲ್ಲಿ ಸ್ವೆಟರ್ ಹಾಕ್ಕೊಂಡು ಸ್ಕೂಲಿಗೆ ಹೋದ ವೀರ ಈ ಭೂಮಿ ಮೇಲೆ ನಾನೊಬ್ನೇ. ಸಂಜೆ ಕೊಬ್ರಿ ಎಣ್ಣೆ ಸುರಿದು ಅಮ್ಮನೇ ತೆಗೆದ್ರು.

ವಿಷಯ ತಿಳಿಸಿದ್ರೆ, ಆ ಟೆಸ್ಟರ್‌ಗಳಲ್ಲಿ ಒಬ್ಬ ಉತ್ತರ ಕೊಟ್ಟ: ಅಷ್ಟೇ ತಾನೇ, ಬಳೆ ತೆಗೆದಿಡಿ.

ಆಂಟಿ ನಗಲಿಲ್ಲ. "ಕೈಗೆ ತಕ್ಕ ಹಾಗೆ ಡ್ರೈವರ್ ಬರೀಬೇಕೋ, ಡ್ರೈವರ್‌ಗೆ ತಕ್ಕ ಹಾಗೆ ಕೈ ಇಟ್ಕೋಬೇಕೋ? ಬಳೆ ಹಾಕಿದ ಕೈ ನನ್ನದೊಂದೇನಾ?" ಅಂತ ಕೂತ್ಕೊಂಡು, ಅಂಚಿಂದ ಬಂದು ತೆಳ್ಳಗೆ ಮಲಗೋದು ಬೆರಳಲ್ಲ ಅಂತ ಡ್ರೈವರ್‌ಗೆ ಕಲಿಸಿದ್ರು. ಅದು ಕಲಿಯೋ ತನಕ ಅಂಕಲ್ ದಿನಾ ಮ್ಯಾಗಿ ತಿಂದ್ರು.

ಸ್ಕೂಲಿಗೆ ರಜ ಇತ್ತು, ಚಿಕ್ಕಮ್ಮನ ಮನೆ ಮೆಲ್ಬರ್ನ್‌ನಲ್ಲೇ ಅಂತ ನಾನೂ ಇಂಟರ್ವ್ಯೂಗೆ ಹೊರಟ ಆಂಟಿ ಜೊತೆ ಅಂಟ್ಕೊಂಡು ಹೋದೆ. ಆಂಟಿ ಒಳಗೆ, ನಾನು ಹೊರಗೆ. ಸಣ್ಣ ಮಳೆ, ಟ್ರಾಮ್‌ಗಳು ಹಳಿ ಮೇಲೆ ಜಾರ್ತಿದ್ವು, ಯಾರೋ ದೊಡ್ಡೋರು ಬೆರಳಲ್ಲಿ ಎಳ್ಕೊಂಡು ಹೋಗ್ತಿರೋ ಹಾಗೆ. ಎಲ್ಲ ಎಳೆಗಳೂ ಎಲ್ಲೋ ಒಂದು ಕಡೆ ಕೂಡ್ಕೋತವೇನೋ ಅಂತ ನೋಡ್ತಾ ನಿಂತಿದ್ದೆ. ಆಂಟಿ ಬಂದ್ರು. ಬಳೆ ಕೈ ಎತ್ತಿ ಅಲ್ಲಾಡಿಸಿದ್ರು.

"ಕೂಡ್ಕೊಂತು ಕಣೋ."

ಕೆಲಸಾನೂ ಸಿಕ್ತು. ಮನೆ ಖಾಲಿ ಮಾಡ್ಕೊಂಡು ಮೆಲ್ಬರ್ನ್‌ಗೆ ಹೊರಟುಹೋದ್ರು. ಅದು ಮಾತ್ರ ನನ್ನ ಪ್ಲಾನಲ್ಲಿ ಇರ್ಲಿಲ್ಲ.

ಅವರ ಡ್ರೈವರ್ ಈಗ ಆ ಸಿಸ್ಟಮ್‌ನಲ್ಲೇ ಸೇರ್ಕೊಂಡಿದೆ. ಬರೆದೋರ ಹೆಸರಿನ ಕೆಳಗೆ ಟೆಸ್ಟ್ ಮಾಡಿದೋರ ಹೆಸರು ಹಾಕೋದು ಅಲ್ಲಿನ ಪದ್ಧತಿ. ಆಂಟಿ ಹೆಸರಿನ ಕೆಳಗೆ ನನ್ನದಿದೆ. ನಾನು ಬಿಟ್ಟ ಎಷ್ಟೋ ರೈಲುಗಳ ಮಧ್ಯೆ ಇದೊಂದು ಮಾತ್ರ ಸುಳ್ಳಲ್ಲ.

ಒಂದೊಂದು ಸಂಜೆ ಅಮ್ಮನ ಬಳೆ ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂರ್ತೀನಿ, ಚುಕ್ಕಿ ಇಡ್ತೀನಿ.

"ಮತ್ತೆ ಯಾಕೋ ಬಳೆ?"

"ಟೆಸ್ಟಿಂಗ್ ಅಮ್ಮ."

"ಅದು ಪಾಸಾಗಿ ಯಾವ ಕಾಲ ಆಯ್ತು!" ಅಂತಾರೆ, ಆದ್ರೆ ಬಳೆ ವಾಪಸ್ ಕೇಳಲ್ಲ.

ಎಳೆ ಸುತ್ತಿ ಬಳಸಿ, ಹೊರಟ ಜಾಗಕ್ಕೇ ಬಂದು ಕೂಡ್ಕೊಳ್ಳುತ್ತೆ. ಬೇಲಿ ಆಚೆ ಯಾರೋ ಹೊಸಬರು. ಅಮ್ಮ ಸೀನಿ ಎಷ್ಟೋ ದಿನ ಆಯ್ತು.