ನನ್ನ ಹೆಸರಿನ ಡಬ್ಬದಲ್ಲಿ ಹೋದ ಕೇಕ್

ನಮ್ಮ ಮನೆಯಲ್ಲಿ ಕೇಕ್ ಬೇಯುವುದು ಅನ್ನದ ಕುಕ್ಕರಿನಲ್ಲೇ. ಗ್ಯಾಸ್ಕೆಟ್ ತೆಗೆದು, ವಿಶಲ್ ಎತ್ತಿಟ್ಟು, ತಳಕ್ಕೆ ಕಲ್ಲುಪ್ಪು ಸುರಿದು, ಅದರ ಮೇಲೊಂದು ತೂತಿನ ತಟ್ಟೆ ಬೋರಲು ಹಾಕಿದರೆ ಅದೇ ನನ್ನ ಓವನ್. ಹಳೇಬೀಡಿನ ಅಂಗಡಿಗಳಲ್ಲಿ ಕ್ರೀಮ್ ಚೀಸ್ ಸಿಗುವುದಿಲ್ಲ. ಸಿಕ್ಕರೂ ನಾನು ಕೊಳ್ಳುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿಕೊಂಡು ಯಾವುದೋ ಊರಿನ ಚೀಸನ್ನು ಯಾಕೆ ತರಬೇಕು? ಗಟ್ಟಿ ಹಾಲಿಗೆ ಹೆಪ್ಪು ಹಾಕಿ, ಮೊಸರು ಹುಳಿಯಾಗುವ ಮುಂಚೆ ಅದನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ ಹಿತ್ತಲಿನ ನಲ್ಲಿಗೆ ನೇತುಹಾಕುತ್ತೇನೆ. ಇಳಿದ ನೀರು ರಾಗಿರೊಟ್ಟಿಯ ಹಿಟ್ಟಿಗೆ ಆಗುತ್ತದೆ. ಬಟ್ಟೆಯಲ್ಲಿ ಉಳಿದ ಗಟ್ಟಿಯನ್ನು ಜರಡಿಯಲ್ಲಿ ತಿಕ್ಕಿ, ಒಂದು ಚಮಚ ಬೆಣ್ಣೆ, ಚಿಟಿಕೆ ಉಪ್ಪು, ಪುಡಿ ಸಕ್ಕರೆ ಹಾಕಿ ಕಲೆಸಿದರೆ ಪೇಟೆಯ ಕ್ರೀಮ್ ಚೀಸ್ ಅದರ ಮುಂದೆ ನಾಚಬೇಕು.

ಉಳಿದದ್ದೆಲ್ಲ ಮಕ್ಕಳಾಟ. ಮೈದಾ, ಸಕ್ಕರೆ, ಎಣ್ಣೆ, ಸ್ವಲ್ಪ ಮೊಸರು, ಅಡುಗೆ ಸೋಡ. ಮೊಟ್ಟೆ ಇಲ್ಲ. ಹಿಟ್ಟನ್ನು ಡಬ್ಬಕ್ಕೆ ಸುರಿದು, ಅದರ ಮೇಲೆ ಚೀಸನ್ನು ಚಮಚದಲ್ಲಿ ಅಲ್ಲಲ್ಲಿ ಬಿಟ್ಟು, ಅರ್ಧ ಸೀಳಿದ ಸ್ಟ್ರಾಬೆರಿಗಳನ್ನು ಮೆಲ್ಲಗೆ ಒತ್ತಿದರೆ ಮುಗಿಯಿತು. ಹಣ್ಣು ಚಳಿಗಾಲದಲ್ಲಿ ಬೇಲೂರಿನ ಹಣ್ಣಿನಂಗಡಿಗೆ ಬರುತ್ತದೆ. ದೇವಸ್ಥಾನ ನೋಡಲು ಬಂದವರಿಗೆಂದು ತರಿಸುವ ಹಣ್ಣು, ಡಬ್ಬಿಯ ಮೇಲೆ ಚೆಂದ, ಅಡಿಯಲ್ಲಿ ಕೊಳೆತದ್ದು. ನಾನು ಅಂಗಡಿಯಲ್ಲೇ ಡಬ್ಬಿ ತಿರುವಿ ನೋಡಿ ತರುತ್ತೇನೆ. ನನ್ನನ್ನು ಕಂಡರೆ ಆ ಅಂಗಡಿಯವನಿಗೆ ಆಗುವುದಿಲ್ಲ.

ಕೇಕ್ ಬೇಯಿಸುವ ಡಬ್ಬ ನನ್ನ ಮದುವೆಗೆ ಅಮ್ಮ ಕೊಟ್ಟದ್ದು. ಅಗಲ ಬಾಯಿಯ ಸ್ಟೀಲ್ ಡಬ್ಬ, ಅಂಚಿನಲ್ಲಿ ನನ್ನ ಹೆಸರು ಕೆತ್ತಿಸಿದ್ದಳು. ನಮ್ಮ ಕಡೆ ಪಾತ್ರೆ ಕೊಟ್ಟರೆ ಹೆಸರು ಹಾಕಿಸಿಯೇ ಕೊಡುವುದು. ಮದುವೆ, ತಿಥಿ ಅಂತ ಪಾತ್ರೆಗಳು ಮನೆ ಮನೆ ತಿರುಗುತ್ತವೆ, ಹೆಸರಿದ್ದರೆ ತಿರುಗಿ ಬರುತ್ತವೆ. ಈ ಕೇಕನ್ನು ನಾನು ಡಬ್ಬದಿಂದ ಕವುಚಿ ತೆಗೆಯುವುದಿಲ್ಲ, ಮೆತ್ತಗಿರುವುದರಿಂದ ಒಡೆದುಹೋಗುತ್ತದೆ. ಡಬ್ಬದಲ್ಲೇ ಬರ್ಫಿಯಂತೆ ಕತ್ತರಿಸಿ ಬಡಿಸುತ್ತೇನೆ.

ಹೋದ ವರ್ಷ ಮಾರ್ಗಶಿರದ ಹೊತ್ತಿಗೆ ನನ್ನ ಮಗಳಿಗೆ ಬಿಕ್ಕೋಡಿನ ಕಡೆಯಿಂದ ಒಂದು ಸಂಬಂಧ ಬಂತು. ಸಣ್ಣ ಕಾಫಿ ತೋಟ, ಒಬ್ಬನೇ ಮಗ, ತೋಟ ತಾನೇ ನೋಡಿಕೊಳ್ಳುತ್ತಾನೆ, ಕುಡಿತವಿಲ್ಲ. ಹುಡುಗನ ತಾಯಿ ಫೋನಿನಲ್ಲಿ ಮಾತಾಡಿದ ರೀತಿಗೇ ನಾನು ಸೋತುಹೋದೆ. "ಧನುರ್ಮಾಸ ಕಳೀಲಿ ಕಣ್ರೀ, ಸಂಕ್ರಾಂತಿ ಆದ್ಮೇಲೆ ಹುಡ್ಗಿ ನೋಡಕ್ಕೆ ಬತ್ತೀವಿ. ಆದ್ರೆ ಉಪ್ಪಿಟ್ಟು ಕೇಸರಿಬಾತ್ ಮಾತ್ರ ಮಾಡ್ಬೇಡಿ. ನೋಡಿದ್ ಮನೇಲೆಲ್ಲಾ ಅದೇ ತಿಂದು ಸಾಕಾಗೈತೆ," ಅಂದರು. ಮತ್ತೇನು ಇಷ್ಟ ಅಂತ ಕೇಳಿದೆ. ನಕ್ಕು, ಸ್ಟ್ರಾಬೆರಿ ಕೇಕ್ ಅಂದರೆ ತಮಗೂ ಮಗನಿಗೂ ಪ್ರಾಣ ಅಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಋಣಾನುಬಂಧ ಅಂದರೆ ಇದೇ ಅಂದುಕೊಂಡೆ.

ಮಗಳನ್ನು ಕೇಳಿದೆ. "ನೀನು ಹೇಳಿದ ಹಾಗೆ," ಅಂದಳು. ಹಾಸನದ ಕಾಲೇಜಿಗೆ ಹೋಗಿಬಂದು ಮಾಡುವ ಹುಡುಗಿ, ಬಿ.ಎಡ್. ಮುಗಿಯುತ್ತಾ ಬಂದಿತ್ತು. ಅದಕ್ಕಿಂತ ಹೆಚ್ಚಿಗೆ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಹೂಂ ಅಂದಮೇಲೆ ಹೂಂ ತಾನೇ?

ಸಂಬಂಧದ ವಿಷಯವನ್ನು ಮನೆಯ ಹೊರಗೆ ನಾನು ಹೇಳಿದ್ದು ಒಬ್ಬಳಿಗೇ, ನನ್ನ ಅಕ್ಕನಿಗೆ. ಅವಳು ಇರುವುದು ಅರಸೀಕೆರೆಯಲ್ಲಿ, ಭಾವನಿಗೆ ಕೊಬ್ಬರಿ ವ್ಯಾಪಾರ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಮ್ಮಿಬ್ಬರ ಫೋನು, ಸಾರು ಏನು ಅನ್ನುವುದರಿಂದ ಹಿಡಿದು ಯಾರ ಮನೆ ಸೊಸೆ ತವರಿಗೆ ಹೋದಳು ಅನ್ನುವವರೆಗೆ. ಗಂಡನಿಗೆ ಹೇಳದ್ದನ್ನೂ ಅವಳಿಗೆ ಹೇಳಿದ್ದೇನೆ. ಅವಳಿಗೂ ಮದುವೆಗೆ ಬಂದ ಮಗಳಿದ್ದಾಳೆ, ನನ್ನವಳಿಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. "ನಿನ್ ಮಗ್ಳುದು ಆಗ್ಲಿ, ಆಮೇಲೆ ನಮ್ದು. ಯಾರ್ದು ಮುಂದಾದ್ರೇನು ಕಣೇ?" ಅಂದಿದ್ದಳು ಅಕ್ಕ. ಕೇಕಿನ ವಿಷಯ ಹೇಳಿದಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಗುವುದಕ್ಕೆ ಕಾರಣವಿತ್ತು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಕೇಸರಿಬಾತ್ ಮಾಡಿದ್ದು ನಾನು. ಅಕ್ಕನಿಗೆ ಆಗ ರವೆ ಹುರಿಯಲೂ ಬರುತ್ತಿರಲಿಲ್ಲ. ಅಮ್ಮ ತಟ್ಟೆ ಮುಂದಿಟ್ಟು "ಎಲ್ಲಾ ನಮ್ಮ ಹುಡ್ಗೀದೇ ಕೈಯಡುಗೆ" ಅಂದಳು, ಭಾವ ಎರಡನೇ ಸಲ ಹಾಕಿಸಿಕೊಂಡರು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಹೆಣ್ಣು ನೋಡುವ ದಿನದ ಈ ಸುಳ್ಳನ್ನು ಯಾರೂ ಸುಳ್ಳು ಅನ್ನುವುದಿಲ್ಲ. ನನ್ನ ಮಗಳ ದಿನವೂ ನಾನು ಕೇಕ್ ಮಾಡಿ ಅವಳ ಹೆಸರು ಹೇಳುವವಳೇ ಇದ್ದೆ.

ಸಂಕ್ರಾಂತಿ ಕಳೆಯಿತು. ಎಳ್ಳು ಬೀರಿದ್ದೂ ಆಯಿತು, ಬಿಕ್ಕೋಡಿನಿಂದ ಫೋನು ಬರಲಿಲ್ಲ. ನಾವಾಗಿ ಮಾಡಿದರೆ ಹೆಣ್ಣಿನ ಕಡೆಯವರು ಬಿದ್ದು ಬಂದಂತಾಗುತ್ತದೆ ಅಂತ ಯಜಮಾನರು ತಡೆದರು. "ಕಾಫಿ ಕೊಯ್ಲು ಟೈಮು ಕಣೇ, ಅವ್ರಿಗೆ ಪುರುಸೊತ್ತಿರಲ್ಲ. ತಡ್ಕೋ," ಅಂತ ಅಕ್ಕನೂ ಹೇಳಿದಳು. ಅಕ್ಕ ಹೇಳಿದ ಮೇಲೆ ನನಗೆ ಸಮಾಧಾನವಾಯಿತು.

ಅದೇ ವಾರ ಅವಳೇ ಕೇಳಿದಳು, ಭಾವನ ವ್ಯಾಪಾರದ ಕಡೆಯ ನೆಂಟರು ಯಾರೋ ಬರುತ್ತಿದ್ದಾರೆ, ನಿನ್ನ ಆ ಕೇಕ್ ಒಂದು ಮಾಡಿ ಕಳಿಸುತ್ತೀಯಾ ಅಂತ. ಕೇಳುವುದು ಹೆಚ್ಚೋ ನಾನು ಮಾಡುವುದು ಹೆಚ್ಚೋ. ಬೇಲೂರಿಗೆ ಹೋಗಿ ಹಣ್ಣು ತಂದೆ. ಆ ಸಲ ಎಮ್ಮೆ ಹಾಲನ್ನು ಕೆನೆ ಸಮೇತ ಹೆಪ್ಪು ಹಾಕಿದೆ. ಮಾರನೇ ಬೆಳಿಗ್ಗೆ ಮಗಳು ಎಂದೂ ಇಲ್ಲದವಳು ಅಡುಗೆಮನೆಗೆ ಬಂದು, ನಾನೂ ಮಾಡ್ತೀನಿ ಅಂದಳು. ಹಣ್ಣು ತೊಳೆದು, ಒರೆಸಿ, ಸೀಳಿ, ಒಂದೊಂದನ್ನೂ ಹೂವು ಕಟ್ಟುವವರಂತೆ ಆರಿಸಿ ಇಟ್ಟಳು. ಎಲ್ಲಕ್ಕಿಂತ ದೊಡ್ಡದನ್ನು ನಡುವೆ ಇಟ್ಟಳು. ನೋಡಿ ನನ್ನ ಕಣ್ಣು ತುಂಬಿತು. "ಬಿಕ್ಕೋಡಿನೋರು ನಿನ್ನ ನೋಡಕ್ಕೆ ಬಂದಾಗ್ಲೂ ಹಿಂಗೇ ಜೋಡಿಸ್ಬೇಕು ಕಣೇ," ಅಂದೆ. ಕೇಕ್ ಬೇಯುವಾಗ ಮನೆ ತುಂಬಾ ಬೆಣ್ಣೆ, ಹಣ್ಣಿನ ವಾಸನೆ. ಆರಿದ ಮೇಲೆ ಮುಚ್ಚಳ ಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ ಮಗಳ ಕೈಗೆ ಕೊಟ್ಟೆ. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅವಳೇ ಅರಸೀಕೆರೆಗೆ ಹೊತ್ತೊಯ್ದಳು. ಕುಲುಕಿಸಬೇಡ ಅಂತ ಬಸ್ಸು ಹೊರಡುವವರೆಗೂ ಕಿಟಕಿಯ ಹತ್ತಿರ ನಿಂತು ಹೇಳಿದೆ.

ಡಬ್ಬ ವಾಪಸ್ ಬಂದದ್ದು ಭಾವನ ಕೈಯಲ್ಲಿ. ಖಾಲಿ ಡಬ್ಬ ಕೊಡಬಾರದಲ್ಲ, ಅದರ ತುಂಬ ಕೊಬ್ಬರಿ ಬಟ್ಟಲು, ಸಕ್ಕರೆ, ಮೇಲೆ ವೀಳ್ಯದೆಲೆ, ಅಡಿಕೆ. "ಮಗ್ಳ ಮದ್ವೆ ಗೊತ್ತಾಯ್ತು. ಬರೋ ವಾರ ವೀಳ್ಯಶಾಸ್ತ್ರ, ಎಲ್ರೂ ಬರ್ಬೇಕು," ಅಂದರು. ನಾನು ಕುಣಿದಾಡಿಬಿಟ್ಟೆ. ಅಕ್ಕ ನನಗೇ ಹೇಳಿಲ್ಲವಲ್ಲ, ಕಳ್ಳಿ ಅಂತ ಬೈದೆ ಕೂಡ. ಯಾವ ಊರು ಭಾವ ಅಂದೆ. ಅವರು ಕಾಫಿ ಲೋಟದ ಒಳಗೆ ನೋಡುತ್ತಾ, "ಇಲ್ಲೇ, ಬಿಕ್ಕೋಡು ಕಡೆ," ಅಂದರು.

ಬಿಕ್ಕೋಡು ಕಡೆ ಎಷ್ಟು ಮನೆಗಳಿಲ್ಲ! ಹಾಗಂತ ನನಗೆ ನಾನೇ ಹೇಳಿಕೊಂಡೆ. ಆದರೆ ಯಾವ ಮನೆ ಅಂತ ಕೇಳುವ ಧೈರ್ಯ ಬರಲಿಲ್ಲ. ಭಾವ ಹೋದ ಮೇಲೆ ಅಕ್ಕನಿಗೆ ಫೋನು ಮಾಡಿದರೆ ಎತ್ತಲಿಲ್ಲ. ದೀಪ ಹಚ್ಚಿದ ಮೇಲೂ ಎತ್ತಲಿಲ್ಲ. ಆಗಲೇ ನನಗೆ ಗೊತ್ತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಕೊಬ್ಬರಿ ಸಕ್ಕರೆಯನ್ನು ಎಮ್ಮೆಗೆ ಹಾಕಿದೆ. ಶುಭದ ವಸ್ತು ಹಾಗೆ ಮಾಡಬಾರದು ಅಂತ ಯಜಮಾನರು ರೇಗಿದರು. ಅವರ ಮೇಲೂ ಕೂಗಾಡಿದೆ.

ವೀಳ್ಯಶಾಸ್ತ್ರಕ್ಕೆ ಹೋಗದೆ ಇರುವ ಹಾಗಿರಲಿಲ್ಲ. ಹುಡುಗಿಯ ಚಿಕ್ಕಮ್ಮ ಬಾರದಿದ್ದರೆ ಊರೇ ಕೇಳುತ್ತದೆ. ಮಗಳು ತಲೆನೋವು ಅಂತ ಮನೆಯಲ್ಲಿ ಉಳಿದಳು. ಅವಳಿಗೂ ಎಷ್ಟು ಸಂಕಟವಾಗಿರಬೇಕು ಅಂತ ಅವಳ ಹಣೆಗೆ ಅಮೃತಾಂಜನ ಹಚ್ಚಿ ಹೊರಟೆ. ಅರಸೀಕೆರೆಯ ಮನೆ ಮುಂದೆ ಶಾಮಿಯಾನ. ಅಕ್ಕ ನನ್ನನ್ನು ಕಂಡವಳೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಳಗೆ ಸರಿದಳು. ಹುಡುಗನ ತಾಯಿಯ ಮಾತು ಕೇಳಿದ ಕೂಡಲೇ ಗುರುತು ಸಿಕ್ಕಿತು, ಅದೇ ಫೋನಿನ ದನಿ. ಆಕೆಯೇ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಎಂಥಾ ದೊಡ್ ಮನ್ಸು ಕಣ್ರೀ ನಿಮ್ದು. ನಿಮ್ ಹುಡ್ಗೀಗೆ ಇಷ್ಟ ಇಲ್ಲ ಅಂದಾಗ, ನಮ್ಮಕ್ಕನ್ ಮಗಳ್ನ ನೋಡಿ ಅಂತ ನೀವೇ ಹೇಳಿದ್ರಂತೆ. ಯಾರ್ ಹೇಳ್ತಾರೆ ಈ ಕಾಲ್ದಲ್ಲಿ?"

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಆಕೆ ಬಿಡಲಿಲ್ಲ.

"ನಿಜ ಹೇಳ್ತೀನಿ, ಮೊದ್ಲು ನಾನ್ ನಂಬ್ಲಿಲ್ಲ. ಅಕ್ಕತಂಗೀರ್ ಮಧ್ಯೆ ನಾವ್ ಯಾಕಪ್ಪಾ ಮನಸ್ತಾಪ ತಂದಿಡೋದು ಅಂತ ಎದ್ದು ಹೊರಡೋಳಿದ್ದೆ. ಆಗ ನಿಮ್ಮಕ್ಕ ಕೇಕ್ ತಂದಿಟ್ರು. ಡಬ್ಬದ್ ಮೇಲೆ ನಿಮ್ ಹೆಸ್ರು ನೋಡ್ದೆ. ಮನ್ಸಿಲ್ದೋರು ಕೈಯಾರೆ ಕೇಕ್ ಮಾಡಿ ಕಳಿಸ್ತಾರಾ ಅಂತ ಕೂತ್ಕೊಂಡೆ."

ಹುಡುಗಿಯೇ ಮಾಡಿದ್ದು ಅಂತ ಅಕ್ಕ ಸುಳ್ಳು ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅದು ಪದ್ಧತಿ. ಆದರೆ ಆ ದಿನ ಅವಳು ಕೇಕ್ ಮಾಡಿದವಳ ಹೆಸರನ್ನು ನಿಜವಾಗಿಯೇ ಹೇಳಿದ್ದಳು. ನನ್ನ ಕತ್ತನ್ನು ನನ್ನ ಕೈಯಿಂದಲೇ ಕುಯ್ಯಿಸಿದ್ದಳು. ಹುಡುಗನ ತಾಯಿಯ ಮುಂದೆ ನಾನು ನಕ್ಕೆ. ಏನು ಮಾಡಲಿ? ಅಕ್ಕನ ಮಗಳು ಹಸಿರು ಸೀರೆಯುಟ್ಟು ಎದುರಿಗೇ ಕೂತಿದ್ದಳು, ಆ ಮಗುವಿನ ತಲೆಗೆ ನಾನೇ ಎಣ್ಣೆ ಹಚ್ಚಿ ಬೆಳೆಸಿದ್ದೇನೆ.

ಊಟ ಮುಗಿದು ನೆಂಟರು ಎಲೆ ಅಡಿಕೆ ಹಾಕಿಕೊಳ್ಳುವಾಗ ಅಕ್ಕನನ್ನು ಅಡುಗೆಮನೆಯಲ್ಲಿ ಹಿಡಿದೆ.

"ಯಾವತ್ತೇ ನಾನು ನಿಂಗೆ ಹಂಗೆ ಹೇಳಿದ್ದು? ಒಂದೇ ಹೊಟ್ಟೇಲಿ ಹುಟ್ಟಿ ಹಿಂಗೆ ಮಾಡ್ತಾರಾ?"

ಅಕ್ಕ ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಅಂದುಕೊಂಡಿದ್ದೆ. ಅವಳು ಸಾರಿನ ಪಾತ್ರೆಗೆ ಮುಚ್ಚಳ ಹಾಕಿ ಹೇಳಿದಳು.

"ನೀನ್ ಹೇಳ್ಲಿಲ್ಲ, ನಿಜ. ನಿನ್ ಹೆಸ್ರು ಹಾಕಿದ್ದು ನನ್ ತಪ್ಪೇ. ಆದ್ರೆ ಒಲ್ಲೆ ಅಂದಿದ್ದು ನಿನ್ ಮಗ್ಳು ಕಣೇ. ಧನುರ್ಮಾಸದಲ್ಲೇ ನಂಗೆ ಫೋನ್ ಮಾಡಿ ಅತ್ತಳು. ಆ ಮನೆ ನಂಗ್ ಬೇಡ ದೊಡ್ಡಮ್ಮ, ಅಮ್ಮಂಗೆ ಹೇಳೋಕೆ ಭಯ, ನಿಮ್ಮನೆ ಅಕ್ಕಂಗೇ ಮಾಡ್ಕೊಳ್ಳಿ ಅಂದ್ಳು. ಕೇಕ್ ಮಾಡಿಸಿ ತರ್ತೀನಿ ಅಂದಿದ್ದೂ ಅವ್ಳೇ."

ಸುಳ್ಳು ಅಂದೆ. ಅಕ್ಕ ಪಾತ್ರೆಗಳನ್ನು ಎತ್ತಿಡತೊಡಗಿದಳು. ಸುಳ್ಳಾಗಿದ್ದರೆ ಅವಳು ವಾದಕ್ಕೆ ನಿಲ್ಲದೆ ಬಿಡುವವಳಲ್ಲ.

ಮನೆಗೆ ಬಂದಾಗ ಮಗಳು ಜಗಲಿಯ ಮೇಲೆ ಕೂತಿದ್ದಳು, ತಲೆನೋವಿನ ಸುದ್ದಿಯೇ ಇಲ್ಲ. ನಾನು ಚಪ್ಪಲಿ ಬಿಡದೆ ಕೇಳಿದೆ. ಅವಳು ಅಲ್ಲಗಳೆಯಲಿಲ್ಲ.

"ನಿಂಗೆ ಹೇಳಿದ್ರೆ ನೀನು ಉಪವಾಸ ಕೂರ್ತಿದ್ದೆ. ಹಿಂದೆ ಕಡೂರಿನ ಸಂಬಂಧ ನಾ ಬೇಡ ಅಂದಾಗ ಕೂತಿದ್ಯಲ್ಲ, ಹಂಗೆ," ಅಂದಳು.

ಕೂರುತ್ತಿದ್ದೆನೋ ಏನೋ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಾನು ಉಪವಾಸ ಕೂತರೂ ಮೂರನೇ ದಿನ ಎದ್ದು ಉಣ್ಣುತ್ತಿದ್ದೆ. ಇವರು ಮಾಡಿದ್ದನ್ನು ಯಾವ ದಿನ ಎದ್ದು ಸರಿಮಾಡಿಕೊಳ್ಳಲಿ? ಸಂಬಂಧ ಹೋದದ್ದಕ್ಕೆ ನನಗೀಗ ದುಃಖವಿಲ್ಲ. ಹುಡುಗ ಒಳ್ಳೆಯವನು, ಅಕ್ಕನ ಮಗಳು ಸುಖವಾಗಿದ್ದಾಳೆ, ನನ್ನವಳು ಬೇಲೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ಅಕ್ಕ ಮತ್ತೆ ದೀಪ ಹಚ್ಚಿದ ಮೇಲೆ ಫೋನು ಮಾಡುತ್ತಾಳೆ, ನಾನೂ ಎತ್ತುತ್ತೇನೆ, ಸಾರು ಏನು ಅಂತ ಹೇಳುತ್ತೇನೆ. ಸಾರಿನ ಆಚೆಗೆ ಏನೂ ಹೇಳುವುದಿಲ್ಲ.

ಈ ಚಳಿಗಾಲ ಮಗಳೇ ಸ್ಟ್ರಾಬೆರಿ ತಂದಳು. ಅವಳೇ ಮೊಸರು ಕಟ್ಟಿ ನಲ್ಲಿಗೆ ನೇತುಹಾಕಿದಳು, ಅವಳೇ ಕುಕ್ಕರಿಗೆ ಉಪ್ಪು ಸುರಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹಣ್ಣನ್ನು ಅದೇ ರೀತಿ ಜೋಡಿಸಿದಳು, ದೊಡ್ಡದು ನಡುವೆ. ಕೇಕ್ ಚೆನ್ನಾಗಿಯೇ ಬಂದಿತ್ತು, ನನ್ನ ಕೈಯದ್ದಕ್ಕಿಂತ ಒಂದು ಕೈ ಮೇಲು. ಅವಳು ತಟ್ಟೆಗೆ ಹಾಕಿಕೊಟ್ಟ ಚೂರಿನಲ್ಲಿ ಒಂದು ತುತ್ತು ತಿಂದು ತಟ್ಟೆ ಕೆಳಗಿಟ್ಟೆ. ಬಿಕ್ಕೋಡಿನವರು ಬಂದಾಗಲೂ ಹಿಂಗೇ ಜೋಡಿಸಬೇಕು ಅಂತ ನಾನು ಅಂದ ಆ ಬೆಳಿಗ್ಗೆ, ಮಾರನೇ ದಿನ ಅವರು ಯಾರ ಮನೆಗೆ ಬರುತ್ತಾರೆ ಅನ್ನುವುದು ನನ್ನ ಮಗಳಿಗೆ ಗೊತ್ತಿತ್ತು. ಕೈಯಲ್ಲಿ ಹಣ್ಣು ಹಿಡಿದುಕೊಂಡೇ ನನ್ನ ಮುಖ ನೋಡಿ, ನಕ್ಕು, "ಆಯ್ತಮ್ಮ," ಅಂದಿದ್ದಳು.